ಎಂಟು ತುಂಡಿನ ಮನೆತನ

ಭೋಪಾಲದ ವರದಿ ಬಂದ ದಿನವೇ
ಹೆಳವರ ಮಾರೆಪ್ಪನೂ ಬಂದ.
ಎತ್ತು ಚೆಕ್‌ಪೋಸ್ಟಿನ ಬಿದಿರಿಗೆ ಮೂಗು ತಾಗಿಸಿ ನಿಂತಿತು.
'ಬಿಡ್ರಿ ಡಾಕ್ಟ್ರಮ್ಮ, ಷಡಕ್ಷರಿ ಮನೇಲಿ ಮೊಮ್ಮಗ ಹುಟ್ಟೈತಂತೆ,
ವಂಶದಾಗೆ ಹೆಸರು ಸೇರಿಸ್ಬೇಕು.'
ನಾನು ಡಾಕ್ಟರಲ್ಲ,
ಸಖರಾಯಪಟ್ಟಣದ ಪಶು ಆಸ್ಪತ್ರೆಯಿಂದ ಊರೂರು ತಿರುಗಿ
ಕೊಕ್ಕರೆ ರೋಗಕ್ಕೆ ಲಸಿಕೆ ಹಾಕುವವಳು.
'ಈ ಸಲ ನಿನಗೆ ಕೋಳಿ ಕೊಡೋರಿಲ್ಲ ಮಾರೆಪ್ಪ,
ಊರಲ್ಲಿ ಒಂದೂ ಇಲ್ಲ' ಅಂದೆ.

ಮೂರು ವಾರದ ಹಿಂದೆ
ಹಾಲಮ್ಮನ ಹುಂಜ ಬೆಳಗಿಗೆ ಕೂಗಲಿಲ್ಲ.
ಜುಟ್ಟು ನೇರಳೆಹಣ್ಣಿನ ಬಣ್ಣ, ಮುಖ ಊದಿ ಕಣ್ಣು ಮುಚ್ಚಿ.
ಮಧ್ಯಾಹ್ನಕ್ಕೆ ಹೇಂಟೆಗಳು ನಾಲ್ಕೂ
ತಿಪ್ಪೆ ಪಕ್ಕ ಕಾಲು ಚಾಚಿದ್ದವು.
ಐದನೆಯ ದಿನ ಷಡಕ್ಷರಿಯ ಶೆಡ್ಡು, ಆರು ಸಾವಿರ,
ಮೊದಲು ತೊಗಲುಮೊಟ್ಟೆ,
ಆಮೇಲೆ, ಫ್ಯಾನಿನ ಸದ್ದೇ ದೊಡ್ಡದಾಗಿ ಕೇಳುವಷ್ಟು ಮೌನ.

ಬಿಳಿ ಅಂಗಿ ತೊಟ್ಟು ಒಳಹೊಕ್ಕೆವು.
ಸತ್ತವನ್ನು ಚೀಲಕ್ಕೆ ತುಂಬಿದೆವು. ಬದುಕಿದ್ದವನ್ನು...
ಅದನ್ನು ಬರೆಯಲಾರೆ.
ಜೆಸಿಬಿ ತೋಡಿದ ಗುಂಡಿ, ಸುಣ್ಣ,
ಕೈಗವಸು ಕಳಚಿದ ಮೇಲೂ ಅಂಗೈಯಲ್ಲಿ ಉಳಿದ
ರೆಕ್ಕೆಯಡಿಯ ಬಿಸಿ.

ಮಾರೆಪ್ಪ ಮೋರಿ ಕಟ್ಟೆ ಮೇಲೆ ಕುಂತ.
'ಯಾರ ವಂಶ ಅದು? ಮೂಲ ಯಾವೂರು? ಬೆಡಗು ಯಾವ್ದು?'
ಅವನಿಗದು ಕಸುಬಿನ ಪ್ರಶ್ನೆ.
ಹನ್ನೊಂದು ಪುಟ ಬಿಚ್ಚಿ ನನಗೆ ತಿಳಿದಷ್ಟು ಓದಿದೆ:

ಇದಕ್ಕೆ ಅಪ್ಪ ಅಮ್ಮ ಇಲ್ಲ, ಎಂಟು ತುಂಡು.
ಎಲ್ಲೋ ಒಂದು ಕೆರೆ, ಒಂದು ಬಾತಿನ ಕರುಳು,
ಎರಡು ಮನೆತನ ಒಂದೇ ರಾತ್ರಿ ಅಲ್ಲಿ ತಂಗಿ
ನಸುಕಿನಲ್ಲಿ ಹೊರಡುವ ಗಡಿಬಿಡಿಗೆ
ಇವರ ಪಾತ್ರೆ ಅವರ ಗಂಟಿಗೆ ಸೇರಿತು.
ಮೂರು ತುಂಡು ಉತ್ತರದ ಹುಲ್ಲುಸೀಮೆಯವು,
ನಾಲ್ಕು, ಸಮುದ್ರದಂಚಿನ ಭತ್ತದ ಗದ್ದೆಯಲ್ಲಿ ಸಾಕಿದ ಬಾತಿನವು,
ಒಂದಕ್ಕೆ ಭೋಪಾಲದವರೂ ಊರು ಹೇಳುವುದಿಲ್ಲ,
'ಮೂಲ ಅಸ್ಪಷ್ಟ.'

ಇದರ ಮುತ್ತಜ್ಜ ಬಾತಿನ ಹೊಟ್ಟೆಯಲ್ಲಿ
ಬಾಡಿಗೆಯವನಂತೆ ತೆಪ್ಪಗಿದ್ದ.
ಯಾವ ಕಾಲಕ್ಕೋ ಕೋಳಿಗೂಡು ಹೊಕ್ಕು
ಅಕ್ಷರ ಹೆಚ್ಚಿಗೆ ಕಲಿತ: ಕೆ, ಆರ್, ಆರ್, ಕೆ, ಆರ್.
'ಕೆ.ಆರ್. ಪೇಟೆ ಬಸ್ಸಾ?' ಮಾರೆಪ್ಪ ನಕ್ಕ.
ಹೂಂ, ಎಲ್ಲ ಸ್ಟಾಪಿನಲ್ಲೂ ನಿಲ್ಲೋ ಬಸ್ಸು,
ಗಂಟಲು, ಪುಪ್ಪುಸ, ಹೃದಯ, ಮಿದುಳು.

'ಅಂಗಾರೆ ತಂದಿದ್ದು ಅವೇ' ಎಂದು
ಅಯ್ಯನಕೆರೆಯ ಕಡೆ ಗದ್ದ ಎತ್ತಿದ.
ಊರೂ ಹಾಗೇ ಅನ್ನುತ್ತದೆ.
ಪಟ್ಟೆತಲೆ ಹೆಬ್ಬಾತುಗಳು, ಹಿಮಾಲಯ ಹಾರಿ ಬಂದವು,
ಜವಾಬು ಕೊಡಲು ಬಾರದವು.
ಹಾಲಮ್ಮನ ಹಿತ್ತಿಲ ಕಾಲುವೆಯವರೆಗೆ ಅವೇ ಇರಬಹುದು.
ಆದರೆ ಏಳನೇ ಪುಟ ನೋಡು:
ಹಾಲಮ್ಮನ ಹುಂಜಕ್ಕೂ ಷಡಕ್ಷರಿಯ ಶೆಡ್ಡಿಗೂ
ನಡುವೆ ಒಂದೇ ಒಂದಕ್ಷರ ಬದಲು.
ಹೆಬ್ಬಾತು ಶೆಡ್ಡಿನ ಚಿಲಕ ತೆಗೆಯುವುದಿಲ್ಲ.

ಮೊಟ್ಟೆ ಟ್ರೇ ಬದಲಿಸುವ ಅಫ್ಸರನ ಟೆಂಪೋ ಇದ್ದೀತು.
ಮೇವಿನ ಚೀಲಕ್ಕೆ ಬಂದ ಇಲಿ.
ಇಲ್ಲವೇ
ಆ ವಾರ ಹಾಲಮ್ಮನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು
ಕೇರಿಯ ಕೋಳಿಗೆಲ್ಲ ಸೂಜಿ ಚುಚ್ಚಿ,
ಅವಳು ಕೊಟ್ಟ ಬೆಲ್ಲದ ಕಾಫಿ ಕುಡಿದು
ಅದೇ ಚಪ್ಪಲಿಯಲ್ಲಿ
ಷಡಕ್ಷರಿಯ ಶೆಡ್ಡಿನೊಳಕ್ಕೆ ನಡೆದುಹೋದವಳು ಒಬ್ಬಳಿದ್ದಾಳೆ.

ವರದಿಯಲ್ಲಿ ಅವಳ ಹೆಸರಿಲ್ಲ.
ಎರಡು ಕವಲು ಕೂಡುವಲ್ಲಿ ಒಂದು ಚುಕ್ಕಿಯಿದೆ, ಅಷ್ಟೆ.

ಮಾರೆಪ್ಪ ಬಹಳ ಹೊತ್ತು ಆ ಚುಕ್ಕಿ ನೋಡಿದ.
'ನಮ್ಮ ಕಿತಾಬಿನಾಗೂ ಅವೆ ತಾಯಿ,
ಹೆಸರು ಗೊತ್ತಿದ್ದೂ ಓದ್ದೆ ದಾಟಿಸೋ ಜಾಗ.'

ಹಾಲಮ್ಮ ಮೊರದಲ್ಲಿ ರಾಗಿ ತಂದು
ಬಿದಿರಿನಾಚೆಯಿಂದಲೇ ಅವನ ಚೀಲಕ್ಕೆ ಸುರಿದಳು,
ನನ್ನ ಕಡೆ ತಿರುಗಿ 'ಕಾಫಿ ಆಯ್ತಾ ಮಗಾ?' ಅಂದಳು.
ಆಯ್ತೆಂದೆ. ಆಗಿರಲಿಲ್ಲ.

ನೇರಳೆ ನೀರಿನ ತಟ್ಟೆಯಲ್ಲಿ
ಎತ್ತಿನ ಗೊರಸು ನಾಲ್ಕನ್ನೂ ತೊಳೆದು ಕಳಿಸಿದೆ.
ಗಂಟೆಯ ಸದ್ದು ಕಡೂರಿನ ರಸ್ತೆಗೆ ಇಳಿದ ಮೇಲೆ
ಚಪ್ಪಲಿ ಬಿಟ್ಟು
ನಾನೂ ಅದರಲ್ಲಿ ನಿಂತೆ. ತಣ್ಣಗಿತ್ತು.