ಒದ್ದೆ ಉಣ್ಣೆ

ಪೆನ್ನು, ಸ್ಕಾರ್ಫು, ಕೋಟು ಲಾಕರಿಗೆ ಹಾಕಿ
ಪ್ರತಿ ಗುರುವಾರ ಒಳಹೋಗುತ್ತೇನೆ. ಸಂಬಳವಿಲ್ಲ.
ರೆಕ್ಸಮ್ಮಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವಳು;
ಯಾರು ಎಲ್ಲಿ ಇಳಿಯಬೇಕೆಂದು ನಾನು ಹೇಳಿದ್ದಿಲ್ಲ.

ಗ್ವಿಲಿಮ್‌ಗೆ ಇಪ್ಪತ್ತೆಂಟು ದಿನದ ಕಟ್ಟು, ಕಾನೂನಿನದು.
"ನನ್ನ ಶೂ ಕೊಡಿಸು," ಎಂದ.
ತುಸು ತಡೆದು,
"ಆ ಮಾತ್ರೆಗೆ ನಾಲಿಗೆ ಉಣ್ಣೆಯಾಗುತ್ತದೆ. ಅದನ್ನೂ ಹೇಳು."

ಸಭೆಯಲ್ಲಿ ಡಾಕ್ಟರು ನನ್ನ ಕಡೆ ತಿರುಗಿದರು:
ನಿಮಗೇನನ್ನಿಸುತ್ತದೆ, ಮಿಸೆಸ್ ಪ್ರೊಬರ್ಟ್?
ನನಗನ್ನಿಸಿದ್ದು ಕೋಟಿನ ಜೇಬಿನಲ್ಲಿತ್ತು, ಲಾಕರಿನೊಳಗೆ.
ಶೂ, ಅಂದೆ. ಮಾತ್ರೆ, ಅಂದೆ. ನಾಲಿಗೆ ಉಣ್ಣೆಯಂತೆ, ಅಂದೆ.

ನೆಲ ನೋಡುತ್ತಿದ್ದವನು ತಲೆಯೆತ್ತಿದ:
"ಒದ್ದೆ ಉಣ್ಣೆ."
ಹೌದು, ಒದ್ದೆ, ಎಂದು ತಿದ್ದಿಕೊಂಡೆ.
ಯಾರೋ ಬರೆದುಕೊಂಡರು.

ಮಾತ್ರೆ ಬದಲಾಗಿಲ್ಲ.
ಶೂ ಬಂದಿದೆ, ಲೇಸಿಲ್ಲದೆ.
ಇವತ್ತು ಅದನ್ನೇ ಹಾಕಿಕೊಂಡು, ಕಾಲೆಳೆಯುತ್ತ,
ನನ್ನನ್ನು ಕಳಿಸಿಕೊಡಲು ಬಂದ,
ಬೀಗದ ಬಾಗಿಲ ತನಕ.