ಫ್ಲೆಕ್ಸಿನ ಬೆನ್ನ ಮೇಲೆ ಒಂದು ಹೊಟ್ಟೆ

ಯಾರೋ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು.
ಮಗುಚಿ ಹಾಸಿದೆವು, ಬೆನ್ನು ಬೆಳ್ಳಗಿತ್ತು.
ಅದರ ಮೇಲೆ ಐದನೇ ಕ್ಲಾಸಿನ ತೀರ್ಥನ್ ಅಂಗಾತ ಮಲಗಿದ.
ಮಾರ್ಕರ್ ಹಿಡಿದು ಲಾಂಛನಾ ಅವನ ಸುತ್ತ ಹೊರಟಳು.
ಕಂಕುಳ ಹತ್ತಿರ ಅವನು ಕಿಸಕ್ಕೆಂದದ್ದಕ್ಕೆ
ಗೆರೆ ಅಲ್ಲಿ ಸೊಟ್ಟ.

ಅವನು ಎದ್ದು ಹೋದ ಮೇಲೆ ಉಳಿದ
ಖಾಲಿ ಹುಡುಗನೊಳಗೆ ಊಟ ತುಂಬಬೇಕು.
ಶನಿವಾರ ಪಾಂಡವಪುರದಲ್ಲಿ ವಸ್ತುಪ್ರದರ್ಶನ.

ಹಲ್ಲಿಗೆ ಕುಂಬಳದ ಬೀಜ.
ಕರುಳಿಗೆ ಸಮೀರನ ಮನೆಯ ಎಮ್ಮೆಯ ಹಗ್ಗ
(ಎಮ್ಮೆ ಆವತ್ತು ಪಂಚಾಯ್ತಿ ಆಫೀಸಿನ ತನಕ
ತಿರುಗಾಡಿಕೊಂಡು ಬಂತಂತೆ).
ರಾಗಿಹಿಟ್ಟು ಕಲೆಸಿ, ಉಂಡೆ ಕಟ್ಟಿ, ಬಾಯಲ್ಲಿಟ್ಟು
"ಜೀರ್ಣಕ್ರಿಯೆ ಬಾಯಲ್ಲೇ ಶುರು, ಹಲ್ಲು ಅದನ್ನು ಅಗಿದು..."
ಅನ್ನುವಷ್ಟರಲ್ಲಿ ಇಡೀ ಕ್ಲಾಸು ಎದ್ದಿತು:
"ಮುದ್ದೆ ಅಗೀಬಾರ್ದು ಮಿಸ್! ನುಂಗ್ಬೇಕು!"

ಪುಸ್ತಕ ನೋಡಿದೆ. ಪುಸ್ತಕ ಮುದ್ದೆಯ ಸುದ್ದಿಯೆತ್ತಿರಲಿಲ್ಲ.
ನಾನೋ ರೊಟ್ಟಿಯ ಸೀಮೆಯವಳು,
ಬಂದ ಹೊಸದರಲ್ಲಿ ಮುದ್ದೆ ಅಗಿದಗಿದು
ಬಿಸಿಯೂಟದ ಸಾಕಮ್ಮನನ್ನು ನಗಿಸಿದವಳು.
ಮುದ್ದೆಯನ್ನು ಗಂಟಲಿಗಿಳಿಸಿದೆವು.

ಹೊಟ್ಟೆಗೆ ಅವರವರ ಮನೆಯದು:
ಹುರುಳಿ, ಒಣಗಿದ ಅವರೆ, ಮೊಟ್ಟೆ ಸಿಪ್ಪೆ.
ಚಿರಸ್ವಿ ಬೆನ್ನ ಹಿಂದೆ ಬಚ್ಚಿಟ್ಟಿದ್ದ
ಐದು ರೂಪಾಯಿಯ ಚಿಪ್ಸ್ ಪೊಟ್ಟಣ. ಅದೂ ಹೋಯಿತು ಒಳಗೆ,
ತಿನ್ನೋದು ತಿಂದಮೇಲೆ ನಾಚಿಕೆ ಏನು.
ಕೊನೆಗೆ ಚೆಲುವರಾಜು,
ಆಲೆಮನೆಯಲ್ಲಿ ಕೊಪ್ಪರಿಗೆ ಕದಡುವವನ ಮಗ,
ಇನ್ನೂ ಬೆಚ್ಚಗಿದ್ದ ಬೆಲ್ಲ ಬಾಳೆಲೆಯಲ್ಲಿ ತಂದು
ನಟ್ಟನಡುವೆ ಒತ್ತಿದ.
"ಇದ್ಕೆ ಗೋಂದು ಬ್ಯಾಡ ಮಿಸ್."

ಮಾರನೇ ದಿನ ಬೀಗ ತೆಗೆದರೆ
ಹೊಟ್ಟೆ ಅಲ್ಲಾಡುತ್ತಿತ್ತು.

ಇರುವೆ.
ಬಾಗಿಲ ಸಂದಿಯಿಂದ ಬಂದು, ಹೆಬ್ಬೆರಳು ಹತ್ತಿ,
ಬೆಲ್ಲದ ಚೂರು ಕಚ್ಚಿಕೊಂಡು
ಎಮ್ಮೆಯ ಹಗ್ಗದುದ್ದಕ್ಕೂ ಸುರುಳಿ ಸುರುಳಿ ಸಾಗಿದ್ದವು,
ನಾನು ಬೋರ್ಡಿನ ಮೇಲೆ ಎಳೆದ ಬಾಣದ ಗುರುತಿಗಿಂತ
ಎಷ್ಟೋ ಸಲೀಸಾಗಿ.

ಪೊರಕೆಗೆ ಕೈ ಹಾಕಿದೆ.
ತೀರ್ಥನ್ ಅಡ್ಡ ಬಂದ,
ಒಂದು ಕೈ ತನ್ನ ಹೊಟ್ಟೆ ಮೇಲೆ:
"ಬ್ಯಾಡಿ ಮಿಸ್. ಅರಗ್ತಾ ಐತೆ."

ಶನಿವಾರಕ್ಕೆ ಉಳಿದದ್ದು ಹಲ್ಲು, ಹಗ್ಗ,
ಬಿರುಕು ಬಿಟ್ಟ ಮುದ್ದೆ, ಹಿಗ್ಗದೆ ಕುಗ್ಗದೆ ಚಿಪ್ಸ್ ಪೊಟ್ಟಣ,
ನಡುವೆ ಅಂಟಂಟು ಕಂದು ಕಲೆ.

ಕನ್ನಡಕ ಸರಿಮಾಡಿಕೊಂಡು ತೀರ್ಪುಗಾರರು ಬಾಗಿದರು.
"ಇಲ್ಲೇನಿತ್ತು? ಖಾಲಿಯಲ್ಲ?"

ಚೆಲುವರಾಜು ನನ್ನ ಕಡೆ ನೋಡಲೇ ಇಲ್ಲ.
"ಊಟ ಆಯ್ತು ಸಾರ್."