ಕೋಷ್ಟಕ ಏಳು

ಮಿನಿಯಾಪೊಲಿಸ್. ಡಿಸೆಂಬರ್. ಆರನೇ ಮಹಡಿ.
ಕಿಟಕಿಯ ಕೆಳಗೆ ಮಿಸಿಸಿಪ್ಪಿ
ಗಟ್ಟಿ ಮೊಸರಿನ ಹಾಗೆ ಅಲುಗದೆ ಬಿದ್ದಿದೆ.
ನನ್ನ ಮುಂದೆ ಎರಡು ಕಾಲಂ:
ಎಡಕ್ಕೆ ಐಸ್‌ಲ್ಯಾಂಡಿನಿಂದ ಬಂದವರ ಮರಿಮಕ್ಕಳು,
ಬಲಕ್ಕೆ ವೆಸ್ಟ್ ಇಂಡೀಸಿನಿಂದ ಬಂದವರ ಮೊಮ್ಮಕ್ಕಳು.
ಅಡ್ಡಸಾಲಿನಲ್ಲಿ ವರಮಾನ, ಓದು, ಸ್ವಂತ ಮನೆ,
ಜೈಲು, ಆಯಸ್ಸು.
ಮೇಲಧಿಕಾರಿಯ ಒಕ್ಕಣೆ: ‘ಯಾರು ಮುಂದೆ, ಯಾಕೆ?
ಎರಡು ಪುಟ ಮೀರದಿರಲಿ.’

ನನಗೋ ಐಸ್‌ಲ್ಯಾಂಡ್ ಎಂದರೆ
ಭೂಪಟದ ನೆತ್ತಿಗಂಟಿದ ಒಂದು ಅಕ್ಕಿಕಾಳು.
ವೆಸ್ಟ್ ಇಂಡೀಸ್ ಎಂದರೆ ಬಳ್ಳಾರಿಯ ನಡುಮನೆಯ ರೇಡಿಯೋ,
ಅಪ್ಪನ ಉಸಿರು ಬಿಗಿಹಿಡಿಸುತ್ತಿದ್ದ ಬೌಲರುಗಳು.
ಇಷ್ಟೇ ಬಂಡವಾಳದಲ್ಲಿ ಯಾರನ್ನು ತೂಗಲಿ?

ಲೆಕ್ಕ ಹತ್ತದಾಗ ಕ್ಯಾಂಟೀನಿಗೆ ಇಳಿಯುತ್ತೇನೆ.
ಅಲ್ಲಿ ಎಡಗಡೆಯ ಕಾಲಂ ಕೂತಿರುತ್ತದೆ, ಲೌಗಾ ಎರ್ಲೆಂಡ್ಸನ್;
ಎದುರಿಗೆ ಬಲಗಡೆಯದು, ಯೂಲಾಲಿ ಸೀಲಿ.
ಇಬ್ಬರದೂ ನಿವೃತ್ತಿಗೆ ಎರಡು ವರ್ಷ, ಇಬ್ಬರದೂ ಮಂಡಿನೋವು.

ಲೌಗಾಳ ಮುತ್ತಜ್ಜ, ಬೆಟ್ಟ ಸಿಡಿದು ಬೂದಿ ಸುರಿದು
ಕುರಿಗಳೆಲ್ಲ ಸತ್ತ ಮೇಲೆ ಹಡಗು ಹತ್ತಿದವನು.
ಟ್ರಂಕಿನಲ್ಲಿ ಬಟ್ಟೆಗಿಂತ ಪುಸ್ತಕ ಹೆಚ್ಚಿತ್ತಂತೆ.
‘ಓದುವ ಜನ ನಾವು, ಅದಕ್ಕೇ ಮೇಲೆ ಬಂದೆವು.’
ನಿಜವಿದ್ದೀತು.
ಪೆಂಬಿನಾದ ಬಯಲಿನ ಆ ನೂರ ಅರವತ್ತು ಎಕರೆ ಮಾತ್ರ
ಟ್ರಂಕಿನಲ್ಲಿ ಬಂದದ್ದಲ್ಲ.

ಯೂಲಾಲಿ ನಗುತ್ತಾಳೆ. ‘ನಮ್ಮಜ್ಜನೂ ಓದಿದವನೇ.
ಬಾರ್ಬಡೋಸಿನಲ್ಲಿ ಲ್ಯಾಟಿನ್ ಕಲಿತು
ಬ್ರೂಕ್ಲಿನ್ನಿನಲ್ಲಿ ಮೂವತ್ತೆಂಟು ವರ್ಷ
ಲಿಫ್ಟಿನ ಬಾಗಿಲು ತೆರೆದ.’
ಅವಳ ಅಜ್ಜಿ ಮಂದಿಯ ನೆಲ ಒರೆಸುತ್ತ
ಹನ್ನೆರಡು ಹೆಂಗಸರ ಜೊತೆ ವಾರವಾರ ದುಡ್ಡು ಹಾಕಿ
ಸರದಿ ಬಂದಾಗ ಎತ್ತಿಕೊಳ್ಳುತ್ತಿದ್ದಳು,
‘ಮೀಟಿಂಗ್ ಟರ್ನ್’ ಅಂತ ಅದರ ಹೆಸರು.
‘ಅಯ್ಯೋ, ಅದು ಚೀಟಿ!’
ಕನ್ನಡದಲ್ಲೇ ಕೂಗಿಬಿಟ್ಟೆ.
ನನ್ನ ಕಾಲೇಜಿನ ಫೀಸು ಅಮ್ಮ ಎತ್ತಿದ ಚೀಟಿಯಲ್ಲವೆ!

ಚೀಟಿ ಎತ್ತಿ ಅಜ್ಜಿ ಮನೆ ಕೊಂಡಳು.
ಆಮೇಲೆ ಯಾರೋ ನಕ್ಷೆಯ ಮೇಲೆ
ಆ ಓಣಿಯ ಸುತ್ತ ಕೆಂಪು ಶಾಯಿ ಬಳಿದರು.
ಅದೇ ಇಟ್ಟಿಗೆ, ಅದೇ ಮೆಟ್ಟಿಲು, ಬೆಲೆ ಅರ್ಧ.
ಸೂರು ಸೋರಿದರೆ ಸಾಲವಿಲ್ಲ.
‘ಕೊನೆಗೆ ಮಾರಿದೆವು. ಮಾರಿದ ಮೇಲೆ ಏರಿತು ನೋಡು ಬೆಲೆ!
ನಮ್ಮ ನೆರಳು ಬಿಟ್ಟಿತೇನೋ ಅದಕ್ಕೆ.’
ಚಹಾ ಊದಿ, ಮತ್ತೆ:
‘ನಮ್ಮನ್ನು ಹೊಗಳುತ್ತಿದ್ದರು ಗೊತ್ತಾ,
ದ್ವೀಪದವರು ದುಡಿಯುತ್ತಾರೆ ಅಂತ,
ಪಕ್ಕದ ಮನೆಯ ಜಾರ್ಜಿಯಾದವರಿಗೆ ಕೇಳಲಿ ಅಂತ.
ಪೊಲೀಸರಿಗೆ ಮಾತ್ರ ಆ ವ್ಯತ್ಯಾಸ ಯಾವತ್ತೂ ತಿಳಿಯಲಿಲ್ಲ.’

ನಿನ್ನೆ ಇಬ್ಬರೂ ಹಬ್ಬದ ಕೇಕು ತಂದಿದ್ದರು.
ಲೌಗಾಳದು ಏಳು ಪದರ, ನಡುನಡುವೆ ಏಲಕ್ಕಿ.
ಯೂಲಾಲಿಯದು ಕಾಡಿಗೆಗಪ್ಪು,
ವರ್ಷವಿಡೀ ರಮ್ಮಿನಲ್ಲಿ ನೆನೆದದ್ದು.
ಎರಡರ ಹೊಟ್ಟೆಯಲ್ಲೂ ಅದೇ ಒಣ ಪ್ಲಮ್.
ಕಣ್ಣು ಮುಚ್ಚಿ ತಿಂದೆ, ಕಣ್ಣು ತೆರೆದು ಇನ್ನೊಂದು ತುಂಡು.

‘ಆ ಎಕರೆಗಳು ಖಾಲಿ ಇದ್ದವಾ?’
ಯೂಲಾಲಿ ಕೇಳಿದ್ದು ಮೆಲ್ಲಗೆ, ಜಗಳಕ್ಕಲ್ಲ.
ಲೌಗಾ ಬರೀ ಕಪ್ಪಿನಲ್ಲಿ ಚಮಚ ತಿರುವಿದಳು.
‘ಉಳುವಾಗ ಬಾಣದ ಮೊನೆಗಳು ಸಿಗುತ್ತಿದ್ದವು.
ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇವೆ.
ಬಿಸಾಡಲು ಮನಸ್ಸಾಗಲಿಲ್ಲ. ಕೊಡಲು,
ಯಾರಿಗೆ ಅಂತ ತಿಳಿಯಲಿಲ್ಲ.’
ಡಬ್ಬಿಗೆ ನನ್ನಲ್ಲಿ ಕಾಲಂ ಇಲ್ಲ.

ಮೇಲೆ ಹತ್ತಿ ಬಂದು ಅಂಕಿ ತುಂಬಿದೆ.
ಒಂದೂ ತಪ್ಪಿಲ್ಲ, ಎರಡು ಸಲ ಕೂಡಿ ನೋಡಿದೆ.
‘ಸ್ವಂತ ಮನೆ’ಯ ಪಕ್ಕ ಒಂದು ನಕ್ಷತ್ರವಿಟ್ಟು
ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ
ಎಕರೆ, ಶಾಯಿ, ಲಿಫ್ಟು, ಡಬ್ಬಿ,
ಹಿಡಿದಷ್ಟನ್ನೂ ಬರೆದೆ.

ಇವತ್ತು ವರದಿ ಅಚ್ಚಾಗಿ ಬಂತು.
ಅಡಿಟಿಪ್ಪಣಿ ತೆಗೆದಿದ್ದಾರೆ, ಜಾಗವಿಲ್ಲವಂತೆ.
ನಕ್ಷತ್ರ ಅಳಿಸಲು ಮರೆತಿದ್ದಾರೆ.
ಓದುವವರು ಅದನ್ನು ಕಂಡು
ಪುಟದ ಕೆಳಕ್ಕೆ ಕಣ್ಣಿಳಿಸುತ್ತಾರೆ.
ಅಲ್ಲಿ ಬಿಳಿ.